ಕತ್ತರಿಗೆ ಸಿಕ್ಕ ‘ಗ್ರೀಡ್’

ಪ್ರಶ್ನೆ: 1924ರ ಮೂಕಿ ಚಿತ್ರ ‘ಗ್ರೀಡ್’ನ ಅವಧಿ ಒಂದೊಂದು ಕಡೆ ಒಂದೊಂದು ಥರ ಇದೆಯಲ್ಲ, ಯಾಕೆ? ಪೂರ್ತಿ ಚಿತ್ರ ಎಲ್ಲಾದರೂ ನೋಡಲು ಸಿಗುತ್ತದೆಯೇ?

ಉತ್ತರ: ಪೂರ್ತಿ ಪ್ರತಿ ಉಳಿದಿಲ್ಲ. ಫ್ರಾಂಕ್ ನಾರಿಸ್ ಅವರ ‘ಮ್ಯಾಕ್‌ಟೀಗ್’ (1899) ಕಾದಂಬರಿಯನ್ನು ನಿರ್ದೇಶಕ ಎರಿಕ್ ವಾನ್ ಸ್ಟ್ರೋಹೈಮ್ ಒಂದು ಪುಟವನ್ನೂ ಬಿಡಬಾರದೆಂಬಂತೆ ಚಿತ್ರೀಕರಿಸಿದರು. ಮೊದಲ ಪ್ರತಿ ಸುಮಾರು 42 ರೀಲು. ನೋಡಿ ಮುಗಿಸಲು ಒಂದು ಹಗಲೇ ಬೇಕು! ಚಿತ್ರ ನಿರ್ಮಾಣ ಸಂಸ್ಥೆ ಎಂಜಿಎಂ ಅದನ್ನು 10 ರೀಲಿಗೆ ಇಳಿಸಿತು. ಗುಜರಿಯ ಜರ್ಕೋವ್ ಮತ್ತು ಮರಿಯಾರ ಉಪಕಥೆ ಹಾರಿಹೋದದ್ದು ಹೀಗೆ. ಕತ್ತರಿಸಿದ ಭಾಗ ನಾಶವಾಯಿತು.

ಇನ್ನು ಅವಧಿಯ ಗೊಂದಲ. ಅದಕ್ಕೆ ಓಟದ ವೇಗವೂ ಕಾರಣ. 35 ಮಿ.ಮೀ. ಫಿಲ್ಮಿನ ಒಂದಡಿಯಲ್ಲಿ 16 ಫ್ರೇಮು, ಅಂದರೆ ಬಿಡಿ ಚಿತ್ರ. ಸಾವಿರ ಅಡಿಯ ರೀಲು ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ಸುಮಾರು 11 ನಿಮಿಷ, 20ರಂತೆ ಓಡಿದರೆ 13 ನಿಮಿಷ ದಾಟುತ್ತದೆ. ಹತ್ತು ರೀಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿದ ವ್ಯತ್ಯಾಸ! ಕಡಿಮೆ ವೇಗದಲ್ಲಿ ಚಿತ್ರೀಕರಿಸಿದ ಮೂಕಿಯನ್ನು 24ರಲ್ಲಿ ಓಡಿಸಿದರೆ ನಟರು ಗಡಿಬಿಡಿಯಲ್ಲಿರುವಂತೆ ಕಾಣುವುದೂ ಇದರಿಂದಲೇ.

1999ರ ನಾಲ್ಕು ಗಂಟೆಯ ಆವೃತ್ತಿ ಕಂಡರೆ ಮೋಸಹೋಗಬೇಡಿ. ಅಲ್ಲಿ ಕಳೆದ ದೃಶ್ಯಗಳ ಜಾಗಕ್ಕೆ ಸ್ಥಿರಚಿತ್ರಗಳಿವೆ. ಮೊದಲು 10 ರೀಲಿನದನ್ನೇ ನೋಡಿ. ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯ ಸುಡುಬಿಸಿಲಲ್ಲೇ ತೆಗೆದ ಕೊನೆಯ ಭಾಗ ಅದರಲ್ಲೂ ಇದೆ.