ದವಾಖಾನೆ ಎಂದರೆ ತಪ್ಪೇನು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಯುನಾನಿ ವೈದ್ಯಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಆಯುರ್ವೇದ ಹುಟ್ಟಿದ ನಾಡಿನಲ್ಲಿ ಹೊರಗಿನ ಪದ್ಧತಿಗೆ ಇಷ್ಟು ಮುದ್ದೇಕೆ? ಲೇಖನದ ತುಂಬ ದವಾಖಾನೆ, ಜುಲಾಬು, ಮುಲಾಮು. ಇವು ಕನ್ನಡವೇ? ನನ್ನ ತಕರಾರನ್ನು ದಾಖಲಿಸಿ. ಸಂಪಾದಕರು ಜವಾಬ್ದಾರಿಯಿಂದ ನಡೆದುಕೊಳ್ಳದಿದ್ದರೆ ಚಂದಾ ನಿಲ್ಲಿಸಬೇಕಾಗುತ್ತದೆ.
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಸಂಪಾದಕರ ಉತ್ತರ: ತಕರಾರು ದಾಖಲಾಯಿತು ಸ್ವಾಮಿ. ತಕರಾರು ಅರಬ್ಬಿ, ದಾಖಲು ಅರಬ್ಬಿ, ಜವಾಬ್ದಾರಿಯೊಳಗಿನ ಜವಾಬೂ ಅಲ್ಲಿಂದಲೇ ಬಂದದ್ದು. ಹಾಗಂತ ನಿಮ್ಮ ಕನ್ನಡಕ್ಕೆ ಕೊರತೆಯೇನೂ ಆಗಿಲ್ಲ, ಚೆನ್ನಾಗಿಯೇ ಬೈದಿದ್ದೀರಿ.

ನಿಮ್ಮ ಪರವಾಗಿ ಹೇಳಬೇಕಾದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಚರಕ, ಸುಶ್ರುತರು ದೊಡ್ಡವರು, ಎರಡು ಮಾತಿಲ್ಲ. ಎದೆ ಹಿಡಿದುಕೊಂಡರೆ ಹಕೀಮರ ಅಂಗಡಿ ಹುಡುಕುತ್ತ ಕೂರಬಾರದು, ದೊಡ್ಡಾಸ್ಪತ್ರೆಗೇ ಓಡಬೇಕು. ಕುಷ್ತಾ ಎಂಬ ಲೋಹದ ಭಸ್ಮಗಳೂ ಕಂಡಕಂಡಲ್ಲಿ ಕೊಂಡು ನುಂಗುವಂಥವಲ್ಲ. ಆಯಿತಲ್ಲ?

ಈಗ 'ಹೊರಗಿನದು' ಎಂಬ ಮಾತು. ಯುನಾನಿ ಎಂದರೆ ಯವನರದು, ಅಂದರೆ ಗ್ರೀಕರದು. ಅವರ ವೈದ್ಯ ಹಿಪೊಕ್ರಾಟಿಸ್ ಅರಬರಿಗೆ ಬುಕ್ರಾತ್ ಆದ, ಇನ್ನೊಬ್ಬ ವೈದ್ಯ ಗ್ಯಾಲೆನ್ ಜಾಲಿನೂಸ್ ಆದ. 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಗ್ಯಾಲೆನನ ಗ್ರಂಥಗಳನ್ನು ಅನುವಾದಿಸಿದ. 1025ರ ಸುಮಾರಿಗೆ ಇಬ್ನ್ ಸೀನಾ ಐದು ಸಂಪುಟಗಳ 'ಕಾನೂನ್' ಎಂಬ ವೈದ್ಯಗ್ರಂಥ ಬರೆದು ಮುಗಿಸಿದ. ಆದರೆ ಹುನೈನನಿಗೂ ಮುಂಚೆ, ಖಲೀಫ ಹಾರೂನ್ ಅಲ್ ರಷೀದನ ಕಾಲದಲ್ಲಿ, ಭಾರತದ ಮಂಕ ಎಂಬ ವೈದ್ಯ ಅದೇ ಬಾಗ್ದಾದಿನಲ್ಲಿ ಕೂತು ಸುಶ್ರುತ ಸಂಹಿತೆಯನ್ನು ಅರಬ್ಬಿಗೆ ಇಳಿಸಲು ನೆರವಾಗಿದ್ದ. ಅಲ್ಲಿಯವರು ಯಾರೂ 'ಹೊರಗಿನದಕ್ಕೆ ಮುದ್ದೇಕೆ' ಎಂದು ಖಲೀಫನಿಗೆ ಕಾಗದ ಹಾಕದಿದ್ದದ್ದು ನಮ್ಮ ಪುಣ್ಯ. ಅಷ್ಟು ದೂರವೇಕೆ, ಚಿತ್ರದುರ್ಗದ ಚಂದ್ರವಳ್ಳಿಯ ನೆಲದಲ್ಲೇ ಅಗಸ್ಟಸ್, ಟೈಬೀರಿಯಸರ ಕಾಲದ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಅಲ್ಲಿಯ ಹಣ ಬರಬಹುದು, ಔಷಧಿ ಬರಬಾರದೇ?

ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿದ್ದರು. ಮಿಲ್ಲಿನವರಿಗೆ ಕೆಮ್ಮು ಸಂಬಳದ ಜೊತೆಗೇ ಬರುತ್ತಿತ್ತು. ಹಳೇ ಪೇಟೆಯಲ್ಲಿ ಒಬ್ಬ ಹಕೀಂ ಸಾಬರಿದ್ದರು. ಅಂಗಡಿಯ ಗೋಡೆ ತುಂಬ ಪಿಂಗಾಣಿ ಭರಣಿಗಳು, ಅವುಗಳ ಮೇಲೆ ಉರ್ದು ಚೀಟಿ. ಅಪ್ಪನ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿಟ್ಟು ಸಾಬರು ಕಣ್ಣು ಮುಚ್ಚಿದರೆ, ಬೀದಿಯಲ್ಲಿ ಜಟಕಾ ಗಡಗಡ ಹೋದರೂ ತೆರೆಯುತ್ತಿರಲಿಲ್ಲ. ಆಮೇಲೆ ಕೇಳುವುದು: "ನಿದ್ದಿ ಹೆಂಗ್ ಬರ್ತತಣ್ಣ? ಬೆಳಿಗ್ಗೆ ಎದ್ರೆ ಬಾಯಿ ಕಹಿ ಐತಾ? ಮನ್ಯಾಗೆ ಜಗಳ ಗಿಗಳ?"

ಬಲ್ಗಮ್, ಅಂದರೆ ಕಫ, ಹೆಚ್ಚಿದೆ ಎನ್ನುತ್ತಿದ್ದರು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂದು ಅವರದು ನಾಲ್ಕರ ಲೆಕ್ಕ, ನಮ್ಮ ಆಯುರ್ವೇದದ್ದು ಮೂರರದು. ಗ್ರೀಕರ ಫ್ಲೆಗ್ಮವೇ ಅರಬರ ಬಾಯಲ್ಲಿ ಹೊರಳಿ ಬಲ್ಗಮ್ ಆಯಿತೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕಟ್ಟಿಕೊಡುತ್ತಿದ್ದದ್ದು ಜೋಶಾಂದಾ, ಅಂದರೆ ಕುದಿಸಿ ಕುಡಿಯುವ ಕಷಾಯದ ಪೊಟ್ಟಣ. ಒಮ್ಮೆ ಅವ್ವ ಅದನ್ನು ಮೊರದ ಮೇಲೆ ಸುರಿದು ನೋಡಿದಳು. ಅತಿಮಧುರ, ಎಲಚಿಯಂಥ ಒಣಹಣ್ಣು, ಇನ್ನು ಅವರ ಸಪಿಸ್ತಾನ್ ಎಂದರೆ ನಮ್ಮ ಚಳ್ಳೆಹಣ್ಣೇ! "ಇದನ್ನ ತರಾಕೆ ಪ್ಯಾಟಿಗೆ ಹೋಗಿದ್ರಾ? ಹೊಲದ ಬದಿನಾಗೆ ಉದುರಿ ಬಿದ್ದಿರ್ತತಿ" ಎಂದು ನಕ್ಕಳು. ಕೆಮ್ಮು ವಾಸಿಯಾಯಿತೇ? ತಗ್ಗಿತು, ಮತ್ತೆ ಬಂತು. ಆದರೆ ಅಪ್ಪನ ನಿದ್ದೆ ಹೇಗಿದೆ ಎಂದು ಕೇಳಿದ ವೈದ್ಯರು ಅವರೊಬ್ಬರೇ.

ಇನ್ನು ಪದಗಳ ವಿಚಾರ. ಫಾರಸಿಯ ಗುಲಾಬ್, ಅಂದರೆ ಗುಲಾಬಿ ನೀರು, ಅರಬ್ಬಿಯಲ್ಲಿ ಜುಲಾಬ್ ಆಗಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಹೊಟ್ಟೆ ತೊಳೆಯುವ ಔಷಧಿಯಾಯಿತು (ಎಲ್ಲಿಂದ ಎಲ್ಲಿಗೆ ನೋಡಿ). ಅರಬ್ಬಿಯ ಮರ್ಹಮ್ ನಮ್ಮ ಮುಲಾಮು. ಗ್ರೀಕರ ಓಪಿಯಾನ್ ಅರಬರ ಅಫ್ಯೂನ್ ಆಗಿ ಅಫೀಮು ಆಯಿತು. ಸಂಸ್ಕೃತ ಪಂಡಿತರು ಅದಕ್ಕೆ ಅಹಿಫೇನ, ಹಾವಿನ ನೊರೆ, ಎಂದು ಜನಿವಾರ ತೊಡಿಸಿ ಒಳಗೆ ಕರೆದುಕೊಂಡರು. ಆಯುರ್ವೇದದ ಶಾರ್ಙ್ಗಧರ ಸಂಹಿತೆಯಲ್ಲೇ ಅದು ಕೂತಿದೆ. ನೀವು ಯಾವುದನ್ನು ಹೊರಗೆ ಕಳಿಸುತ್ತೀರಿ?

ದೆಹಲಿಯ ಹಕೀಂ ಅಜ್ಮಲ್ ಖಾನರಿಗೆ ಈ ಜಗಳವೇ ಇರಲಿಲ್ಲ. ಅವರು ಕಟ್ಟಿಸಿದ ತಿಬ್ಬಿಯಾ ಕಾಲೇಜಿನಲ್ಲಿ ಆಯುರ್ವೇದ, ಯುನಾನಿ ಎರಡಕ್ಕೂ ಒಂದೇ ಸೂರು; 1921ರಲ್ಲಿ ಗಾಂಧೀಜಿಯೇ ಬಂದು ಉದ್ಘಾಟಿಸಿದರು. ನಮ್ಮ ಸರ್ಪಗಂಧಿಯ ಬೇರಿನಿಂದ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ ಬೇರ್ಪಡಿಸಿದ ಸತ್ವಕ್ಕೆ ಅಜ್ಮಲೀನ್ ಎಂದು ಹೆಸರು ಬಿದ್ದದ್ದು ಈ ಹಕೀಮರದ್ದೇ. ಹೃದಯದ ಒಂದು ಬಗೆಯ ತೊಂದರೆಯನ್ನು ಪತ್ತೆ ಹಚ್ಚಲು ಈಗಲೂ ಅದನ್ನು ಬಳಸುತ್ತಾರೆ.

ನನಗೆ ಸಿಟ್ಟು ಬರುವುದು ಇಲ್ಲಿ. ಹಳ್ಳಿಯವರ ಬಾಯಲ್ಲಿ ತಲೆಮಾರುಗಟ್ಟಲೆ ಸವೆದು ನುಣುಪಾದ ದವಾಖಾನೆ ನಮಗೆ ಮುಳ್ಳಾಗುತ್ತದೆ. ಬೋರ್ಡಿನ ಮೇಲೆ ಚಿಕಿತ್ಸಾಲಯ ಎಂದು ಬರೆಸಿ ಕೈ ತೊಳೆದುಕೊಳ್ಳುತ್ತೇವೆ. ಒಳಗೆ ಹೋದರೆ ಸ್ಕ್ಯಾನಿಂಗ್ ರಿಪೋರ್ಟು, ಡಿಸ್ಚಾರ್ಜ್ ಸಮರಿ, ಮಾತ್ರೆ ಚೀಟಿ, ಒಂದಕ್ಷರ ಕನ್ನಡವಿಲ್ಲ. ಸಂತೇಬೆನ್ನೂರಿನ ರೈತ ಅದನ್ನು ಹಿಡಿದು ಮೆಡಿಕಲ್ ಶಾಪಿನ ಹುಡುಗನನ್ನು "ಇದು ಊಟಕ್ಕೆ ಮುಂಚ್ಯೋ ಆಮ್ಯಾಲೋ" ಎಂದು ಕೇಳುತ್ತ ನಿಂತಿರುತ್ತಾನೆ. ಅದರ ಬಗ್ಗೆ ಈ ಟಪಾಲು ಪೆಟ್ಟಿಗೆಗೆ ಈವರೆಗೆ ಒಂದು ಕಾಗದವೂ ಬಿದ್ದಿಲ್ಲ. ಕನ್ನಡದ ಮೇಲೆ ನಿಮಗಿರುವ ಕಾಳಜಿ ಕಂಡು ಕೇಳುತ್ತಿದ್ದೇನೆ, ಮುಂದಿನ ಕಾಗದ ಅದರ ಮೇಲೆ ಬರೆಯಿರಿ, ಪೂರ್ತಿ ಪುಟ ಕೊಡುತ್ತೇನೆ.

ಅಂದಹಾಗೆ, ಚಂದಾ ಎಂಬುದೂ ಫಾರಸಿ. ಪದ ಬೇಡವಾದರೆ ಬಿಡಿ. ದುಡ್ಡು ಕಳಿಸುವುದನ್ನು ನಿಲ್ಲಿಸಬೇಡಿ.