ಹೆಪ್ಪು ಬಂತು ಸರಿ, ರೋಗಿ ಎದ್ದರೇ?

ಓದುಗರ ಪತ್ರ: ಲಕ್ವ ಹೊಡೆದವರ ಮಿದುಳಿನಿಂದ ರಕ್ತದ ಹೆಪ್ಪನ್ನು ಎಳೆದು ತೆಗೆಯುವ ಉಪಕರಣದ ಬಗ್ಗೆ ಬರೆದಿದ್ದಿರಿ. "ರಕ್ತನಾಳ ತೆರೆದ ಮಾತ್ರಕ್ಕೆ ಉಪಕರಣ ಗೆದ್ದಂತಲ್ಲ" ಎಂದಿದ್ದೀರಿ. ಅಡ್ಡಿ ಹೋದ ಮೇಲೆ ಇನ್ನೇನು ಬೇಕು? ಆಸ್ಪತ್ರೆಯೊಂದರ ಕರಪತ್ರ ಕಳಿಸಿದ್ದೇನೆ, ನೋಡಿ.

ಸಂಪಾದಕರ ಉತ್ತರ: ನಿಮ್ಮ ಸಂಶಯ ಸಹಜವೇ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 'ಮೆರ್ಸಿ' ಉಪಕರಣಕ್ಕೆ ಒಪ್ಪಿಗೆ ಕೊಟ್ಟಿದ್ದು ಹೆಪ್ಪು ತೆಗೆಯುವ ಸಾಧನ ಎಂದಷ್ಟೇ. ತೊಡೆಸಂದಿಯಿಂದ ಮಿದುಳಿನವರೆಗೆ ಕೊಳವೆ ತೂರಿಸಿ, ಸುರುಳಿ ತಂತಿಯಿಂದ ಹೆಪ್ಪನ್ನು ಹಿಡಿದೆಳೆಯುತ್ತಿದ್ದರು. ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ನಾಳ ತೆರೆಯಿತು. ಆದರೆ ಹೋಲಿಸಿ ನೋಡಲು ಆ ಅಧ್ಯಯನದಲ್ಲಿ ಇನ್ನೊಂದು ಗುಂಪೇ ಇರಲಿಲ್ಲ! ಹಿಂದಿನ ಬೇರೊಂದು ಪ್ರಯೋಗದ ಅಂಕಿಗಳ ಜೊತೆ ತಾಳೆ ನೋಡಿದರು.

ಆಮೇಲೆ ಹೆಪ್ಪನ್ನು ಹೀರಿ ತೆಗೆಯುವ 'ಪೆನಂಬ್ರಾ' ಬಂತು. ನಾಳ ತೆರೆದದ್ದು ಶೇ. 81.6. ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು ಶೇ. 25 ಮಾತ್ರ. ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವೆಯೇ ಇದೆ. ರಕ್ತ ಸಿಗದೆ ಸತ್ತ ನರಕೋಶ, ತಡವಾಗಿ ರಕ್ತ ಬಂದರೆ ಬದುಕುವುದಿಲ್ಲ. ಎಳೆಯುವಾಗ ಹೆಪ್ಪಿನ ಚೂರು ಮುಂದೆ ಹೋಗಿ ಸಣ್ಣ ನಾಳದಲ್ಲಿ ಕೂರಬಹುದು, ರಕ್ತಸ್ರಾವವೂ ಆಗಬಹುದು.

ಹಾಗಾಗಿ 90 ದಿನ ಬಿಟ್ಟು ರೋಗಿಯನ್ನೇ ನೋಡಬೇಕು. ರ್‍ಯಾಂಕಿನ್ ಅಳತೆಯಲ್ಲಿ 0 ಅಂದರೆ ಏನೂ ತೊಂದರೆಯಿಲ್ಲ, 6 ಅಂದರೆ ಸಾವು. 2ರವರೆಗೆ ಇದ್ದರೆ ಸ್ವತಂತ್ರ ಬದುಕು. ಅಂಕ ಹಾಕುವವರಿಗೆ ಯಾರಿಗೆ ಯಾವ ಚಿಕಿತ್ಸೆ ಆಗಿದೆ ಅಂತ ಗೊತ್ತಿರಬಾರದು. ಇದು ಮುಖ್ಯ.

2013ರಲ್ಲಿ ಹೀಗೆ ಅಳೆದ ಮೂರು ಪ್ರಯೋಗಗಳು ಒಟ್ಟಿಗೆ ಬಂದವು. ಮೂರರಲ್ಲೂ ಲಾಭ ಕಾಣಲಿಲ್ಲ. ಸುಮ್ನೆ ದುಡ್ಡು ದಂಡ ಅಂದವರೂ ಇದ್ದರು. ನನ್ನನ್ನು ಕೇಳಿದರೆ, ಆ ಸೋಲುಗಳೇ ಜಾಸ್ತಿ ಕಲಿಸಿದವು. ಬಳಸಿದ್ದು ಹೆಚ್ಚಾಗಿ ಹಳೆಯ ಉಪಕರಣ. ಚಿಕಿತ್ಸೆ ಶುರುವಾಗುವುದೇ ತಡ. ದೊಡ್ಡ ನಾಳ ಕಟ್ಟಿದೆಯೇ ಎಂದು ಕೆಲವು ಕಡೆ ಎಲ್ಲರಿಗೂ ಸ್ಕ್ಯಾನ್ ಕೂಡ ಮಾಡಿರಲಿಲ್ಲ.

2015ರಲ್ಲಿ ನೆದರ್‌ಲೆಂಡ್ಸ್‌ನ 'ಎಂಆರ್ ಕ್ಲೀನ್' ಪ್ರಯೋಗದ ಫಲಿತಾಂಶ ಬಂತು. ಅಲ್ಲಿ ಬಹುಪಾಲು ಬಳಸಿದ್ದು ಹೆಪ್ಪನ್ನು ಹಿಡಿದೆಳೆಯುವ, ಬಲೆಯಂತಹ ಸ್ಟೆಂಟ್ ರಿಟ್ರೀವರ್. 500 ರೋಗಿಗಳು. ಸ್ವತಂತ್ರವಾಗಿ ಬದುಕುವವರು ಹೆಪ್ಪು ತೆಗೆಸಿಕೊಂಡ ಗುಂಪಿನಲ್ಲಿ ಶೇ. 32.6, ಬರೀ ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. 19.1. ಅದೇ ವರ್ಷ ಇನ್ನೂ ನಾಲ್ಕು ಪ್ರಯೋಗಗಳು ಅದನ್ನೇ ಹೇಳಿದವು. ಐದನ್ನೂ ಕೂಡಿಸಿದಾಗ ಶೇ. 46 ಮತ್ತು ಶೇ. 26.5.

ಇನ್ನು ನೀವು ಕಳಿಸಿದ ಕರಪತ್ರ. ಅದರಲ್ಲಿ 'ಯಶಸ್ಸು' ಎಂದು ಬರೆದಿರುವುದು ನಾಳ ತೆರೆದ ಲೆಕ್ಕ ಮಾತ್ರ. 90ನೇ ದಿನದ ಲೆಕ್ಕ ಇಟ್ಟಿದ್ದಾರಾ, ರೋಗಿ ಬಾಗಿಲಿಗೆ ಬಂದ ಮೇಲೆ ಕೊಳವೆ ಹಾಕಲು ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಅವರನ್ನೇ ಕೇಳಿ ನೋಡಿ.