ಸೀಸದ ಗುಂಡು, ತಾಮ್ರ ಹೊದಿಕೆಯ ಗುಂಡು: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ
ಅಜ್ಜನವರಿಂದ ಬಂದ, ಪರವಾನಗಿ ಇರುವ .30-30 ಅಳತೆಯ ಕಾಡತೂಸಿನ ಲಿವರ್ ರೈಫಲ್‌ಗೆ (ಕೆಳಗಿನ ಹಿಡಿಯನ್ನು ಎಳೆದು ಮುಂದಿನ ಕಾಡತೂಸು ಏರಿಸುವ ಬಂದೂಕು) ಹುಮನಾಬಾದಿನ ಮನೆಯಲ್ಲೇ ಸೀಸ ಕರಗಿಸಿ ಗುಂಡು ಎರೆದು ಕಾಡತೂಸು ತಯಾರಿಸಬಹುದೇ ಎಂದು ತಾವು ಕೇಳಿದ್ದೀರಿ. ಖಂಡಿತ ಬೇಡ. ಬಂದೂಕು ಇಟ್ಟುಕೊಳ್ಳುವ ಪರವಾನಗಿಯು ಮದ್ದುಗುಂಡು ತಯಾರಿಸುವ ಪರವಾನಗಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ತಯಾರಿಕೆಗೆ ಪ್ರತ್ಯೇಕ ಅನುಮತಿ ಕೇಳುತ್ತದೆ, 2019ರ ತಿದ್ದುಪಡಿಯ ನಂತರ ಅದನ್ನು ಮೀರಿದವರಿಗೆ ಕನಿಷ್ಠ 7 ವರ್ಷಗಳ ಸೆರೆವಾಸವಿದೆ.

ಇನ್ನು ತಮ್ಮ ನಿಜವಾದ ಕುತೂಹಲದ ವಿಷಯ: ಬರಿಯ ಸೀಸದ ಗುಂಡಿಗೂ ತಾಮ್ರ ಹೊದಿಸಿದ ಗುಂಡಿಗೂ ಏನು ವ್ಯತ್ಯಾಸ. ಬರಿಯ ಸೀಸ ಮೃದುವಾದ್ದರಿಂದ ವೇಗ ಹೆಚ್ಚಿದಂತೆ ನಳಿಕೆಯೊಳಗಿನ ಸುರುಳಿ ಗೆರೆಗಳಿಗೆ ಮೆತ್ತಿಕೊಂಡು ಗುರಿಯನ್ನು ಕೆಡಿಸುತ್ತದೆ. ಅದಕ್ಕಾಗಿಯೇ ಅನುಮತಿಯಿರುವ ದೇಶಗಳಲ್ಲಿ ಸೀಸಕ್ಕೆ ತವರ ಮತ್ತು ಆಂಟಿಮನಿ ಎಂಬ ಧಾತು ಬೆರೆಸಿ, ಗುಂಡಿಗೆ ಮೇಣದಂತಹ ಜಿಡ್ಡು ಹಚ್ಚಿ, ಬುಡಕ್ಕೆ ಪುಟ್ಟ ತಾಮ್ರದ ಬಟ್ಟಲು ಕೂರಿಸುತ್ತಾರೆ. ತಾಮ್ರ ಹೊದಿಸಿದ ಗುಂಡಿಗೆ ಈ ತೊಂದರೆ ಕಡಿಮೆ, ಆದರೆ ನಳಿಕೆಯಲ್ಲಿ ಉಜ್ಜಾಟ ಹೆಚ್ಚು. ಆದ್ದರಿಂದ ಒಂದಕ್ಕೆ ನಿಗದಿಯಾದ ಮದ್ದಿನ ಅಳತೆಯನ್ನು ಇನ್ನೊಂದಕ್ಕೆ ಬಳಸುವುದು ಅಪಾಯಕರ. (ಸೀಸದ ಹೊಗೆಯಾದರೋ ರಕ್ತಕ್ಕೆ ಸೇರುವ ವಿಷ.)

ಕಾಡತೂಸು ಕೊಳ್ಳುವಾಗ ಒಂದನ್ನು ಗಮನಿಸಿ. ಇಂತಹ ರೈಫಲ್‌ನಲ್ಲಿ ನಳಿಕೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸುಗಳು ಒಂದರ ಹಿಂದೊಂದು ನಿಲ್ಲುವುದರಿಂದ, ಗಟ್ಟಿಯಾದ ಚೂಪು ತುದಿಯ ಗುಂಡು ಮುಂದಿನದರ ಪ್ರೈಮರ್‌ಗೆ (ಕಾಡತೂಸಿನ ಬುಡದಲ್ಲಿ, ಹೊಡೆತ ಬಿದ್ದರೆ ಹೊತ್ತಿಕೊಳ್ಳುವ ಪುಟ್ಟ ಬಿಲ್ಲೆ) ತಗುಲಿ ಕೊಳವೆಯೊಳಗೇ ಸಿಡಿಯಬಹುದು. ಚಪ್ಪಟೆ ಮೂತಿಯದನ್ನೇ, ಪರವಾನಗಿ ಪಡೆದ ಅಂಗಡಿಯಿಂದಲೇ ತೆಗೆದುಕೊಳ್ಳಿ. ಅದಕ್ಕೂ ಮೊದಲು ಹಳೆಯ ರೈಫಲ್ಲನ್ನು ಪರವಾನಗಿ ಇರುವ ಬಂದೂಕು ದುರಸ್ತಿಗಾರರಿಗೆ ತೋರಿಸಿ.